ಸೊಟ್ಟ ಕತ್ತಿನ ಬಾತುಗಳು

ವರ್ತಕ ನಗರ, ಠಾಣೆ
೧೩-೬-೨೦೧೦

ಅಣ್ಣನಿಗೆ ಪುಷ್ಪಳ ನಮಸ್ಕಾರ.

ಇದು ಮೂರನೆಯ ಕಾಗದ. ಮೊದಲಿನ ಎರಡಕ್ಕೆ ಉತ್ತರ ಬರಲಿಲ್ಲ. ತಪ್ಪನ್ನು ಬದಲಾಪುರದ ಅಂಚೆಯವನ ತಲೆಗೆ ಕಟ್ಟೋಣವೆಂದುಕೊಂಡೆ, ಆಮೇಲೆ ಪಾಪ ಎನಿಸಿತು. ಕೋಪ ನಿನ್ನದೇ ಎಂದು ನನಗೆ ಗೊತ್ತಿಲ್ಲವೇ? ನಿನ್ನ ಗಂಟಲಿನ ಆಪರೇಷನ್ ಆಗಿ ಏಳು ತಿಂಗಳಾಯಿತು. ನೀನು ನನ್ನ ಮನೆ ಬಿಟ್ಟು ಅಲ್ಲಿ ನದಿಯ ದಂಡೆಯ ಕೋಣೆಗೆ ಹೋಗಿ ಐದು ತಿಂಗಳಾಯಿತು. ಮೊಬೈಲನ್ನೂ ಮಾನಸಿಯ ಕೈಯಲ್ಲಿ ವಾಪಸು ಕಳಿಸಿದೆ, 'ಗಂಟಲಿಲ್ಲದವನಿಗೆ ಫೋನು ಯಾಕೆ' ಎಂದು ಚೀಟಿ ಬರೆದು. ಹಾಗಾಗಿ ಕಾಗದವೇ ಗತಿ. ಕೋಪದಲ್ಲಿದ್ದವರಿಗೂ ಓದಲು ಕಣ್ಣಿರುತ್ತದಲ್ಲ.

ಒಂದು ತಮಾಷೆ ನೋಡು. ನಾವಿಬ್ಬರೂ ಹುಟ್ಟಿದಂದಿನಿಂದ ತುಳುವಿನಲ್ಲೇ ಮಾತಾಡಿದವರು. ಜಗಳವಾಡಿದ್ದು ತುಳುವಿನಲ್ಲಿ, ಅತ್ತದ್ದು ತುಳುವಿನಲ್ಲಿ. ಬರೆಯಲು ಕೂತರೆ ಮಾತ್ರ ಕೈಗೆ ಬರುವುದು ಶಾಲೆಯ ಕನ್ನಡ. ನಿನಗೆ ಏನು ಬರೆದರೂ ಹೆಡ್‌ಮಾಸ್ತರರಿಗೆ ರಜೆಯ ಅರ್ಜಿ ಬರೆದಂತೆ ಕಾಣುತ್ತದೆ.

ಈಗ ಸುದ್ದಿ. ಮಾನಸಿ ವಾಶಿಯ ಆಫೀಸಿನ ಕಂಪ್ಯೂಟರಿನಲ್ಲಿ ಏನನ್ನೋ ನೋಡಿ ಬಂದಿದ್ದಾಳೆ. ಪರದೇಶದಲ್ಲಿ ಊರವರು ಒಂದು ಒಳ್ಳೆಯ ಕೆಲಸಕ್ಕೆ ಹಣ ಕೂಡಿಸಲು ರಬ್ಬರಿನ ಬಾತುಕೋಳಿಗಳ ಓಟ ನಡೆಸುತ್ತಾರಂತೆ. ಮಕ್ಕಳು ಸ್ನಾನದ ಬಕೆಟ್ಟಿನಲ್ಲಿ ಬಿಡುತ್ತಾರಲ್ಲ, ಅದೇ ಹಳದಿ ಬಾತು. ಪ್ರತಿಯೊಂದಕ್ಕೂ ನಂಬರು. ಚಂದಾ ಕೊಟ್ಟವರಿಗೆ ಒಂದೊಂದು ಬಾತು. ಎಲ್ಲವನ್ನೂ ಒಟ್ಟಿಗೆ ನೀರಿಗೆ ಸುರಿಯುವುದು, ಯಾರದು ಮೊದಲು ಗುರಿ ಮುಟ್ಟುತ್ತದೋ ಅವರಿಗೆ ಬಹುಮಾನ. "ಮಮ್ಮಿ, ಅಪ್ನೇ ಸಂಘ್ ಮೇ ಭೀ ಕರ್ತೇ ಹೈ ನಾ!" ನಮ್ಮ ಸಂಘದಲ್ಲೂ ಮಾಡುವ ಎಂದು ಎರಡು ದಿನ ನನ್ನ ಸೆರಗು ಬಿಡಲಿಲ್ಲ. ನಾನು ನಗಾಡುತ್ತಲೇ ಕನ್ನಡ ಸಂಘದ ಮೀಟಿಂಗಿನಲ್ಲಿ ಹೇಳಿದೆ. ನಿನ್ನ ಹಳೆಯ ಧಣಿ, ನಮ್ಮ ಈಗಿನ ಅಧ್ಯಕ್ಷರು ಮುಂಡಪ್ಪಣ್ಣ ಮೇಜು ಕುಟ್ಟಿದರು. "ಪ್ರತಿ ವರ್ಷ ಅದೇ ಲಕ್ಕಿ ಡ್ರಾ, ಅದೇ ಸ್ಟೀಲ್ ಡಬ್ಬಿ. ಈ ಸಲ ಬಾತು ಓಡ್ಲಿ ಮಾರಾಯ್ತಿ!" ಉಪವನ ಕೆರೆಯಲ್ಲಿ ಮಾಡುವುದೆಂದು ತೀರ್ಮಾನವಾಗಿದೆ. ಹಣ ಯಾವ ಕೆಲಸಕ್ಕೆ ಎನ್ನುವುದನ್ನು ಇನ್ನೊಮ್ಮೆ ಬರೆಯುತ್ತೇನೆ.

ನಾನು ಕಳಿಸಿದ ಮಾತಿನ ಯಂತ್ರ ಬಿಸ್ಕೆಟ್ ಡಬ್ಬದಲ್ಲೇ ಇದೆ, ಡಬ್ಬ ಅಟ್ಟದ ಮೇಲಿದೆ ಎಂದು ಮಾನಸಿ ಹೇಳಿದಳು. ಇಳಿಸು ಅಣ್ಣ. ಕತ್ತಿಗೆ ಒತ್ತಿ ತುಟಿ ಆಡಿಸಿದರೆ ಮಾತು ಬರುತ್ತದೆಂದು ಡಾಕ್ಟರು ನಿನ್ನ ಮುಂದೆಯೇ ತೋರಿಸಿದ್ದರಲ್ಲ.

ಮಳೆ ಶುರುವಾಗಿದೆ. ಕತ್ತಿನ ತೂತಿಗೆ ಬಟ್ಟೆ ಕಟ್ಟಿಕೊಳ್ಳದೆ ಹೊರಗೆ ಹೋಗಬೇಡ.

ನಿನ್ನ ತಂಗಿ,
ಪುಷ್ಪಾವತಿ


ಬದಲಾಪುರ
೪-೭-೨೦೧೦

ಪುಷ್ಪಾ,

ಮೂರೂ ಕಾಗದ ಸಿಕ್ಕಿವೆ. ಅಂಚೆಯವನನ್ನು ಬಿಟ್ಟುಬಿಡು.

ಮುಂಡಪ್ಪಣ್ಣನಿಗೆ ಹೇಳು, ಬಾತು ಓಡಬೇಕಾದರೆ ಮೊದಲು ನೀರು ಓಡಬೇಕು. ಉಪವನ ಕೆರೆಯ ನೀರು ಎಲ್ಲಿಗೂ ಹೋಗುವುದಿಲ್ಲ. ಇಷ್ಟು ತಿಳಿಯಲು ಕಂಪ್ಯೂಟರು ಬೇಡ.

ಯಂತ್ರವನ್ನು ಒಂದೇ ಒಂದು ಸಲ ಕತ್ತಿಗೆ ಒತ್ತಿ 'ಪೂವಪ್ಪ' ಎಂದು ನೋಡಿದೆ. ಡಬ್ಬದೊಳಗೆ ಸಿಕ್ಕಿಕೊಂಡ ದುಂಬಿಯೊಂದು ನನ್ನ ಹೆಸರು ಹೇಳಿತು. ಆವತ್ತೇ ಅಟ್ಟಕ್ಕೆ ಹಾಕಿದೆ. ನಾನು ಯಾರು ಎಂದು ನಿನಗೆ ಮರೆತಿರಬಹುದು, ನನಗೆ ಮರೆತಿಲ್ಲ. ಠಾಣೆ ಸ್ಟೇಷನ್ನಿನ ಹತ್ತಿರದ ಹೋಟೆಲಿನಲ್ಲಿ ಮೂವತ್ತನಾಲ್ಕು ವರ್ಷ ಗಿರಾಕಿ ಮೇಜು ಬಿಟ್ಟು ಎದ್ದ ಕೂಡಲೇ ಅವನ ಗುರುತನ್ನೂ ಬಿಲ್ಲನ್ನೂ ಗಲ್ಲಾದಲ್ಲಿ ಕೂತವನಿಗೆ ಕೂಗಿ ಹೇಳಿದವನು. "ನೀಲಾ ಶರ್ಟ್, ಚಷ್ಮಾ, ಬಾರಾ ರುಪಯಾ!" "ಛತ್ರೀವಾಲಾ, ಸಾತ್!" ಅರುವತ್ತು ಜನ ಒಟ್ಟಿಗೆ ಕೂತಿದ್ದರೂ ಒಬ್ಬನ ಮಸಾಲೆದೋಸೆ ಇನ್ನೊಬ್ಬನ ಲೆಕ್ಕಕ್ಕೆ ಹೋಗಲಿಲ್ಲ. ರಸ್ತೆಯಾಚೆ ಹೂ ಮಾರುವವಳಿಗೂ ಒಳಗೆ ಯಾರು ಏನು ತಿಂದರೆಂದು ತಿಳಿಯುತ್ತಿತ್ತು. ಆ ಗಂಟಲಿನ ಜಾಗದಲ್ಲಿ ಈಗ ಅರ್ಧ ಇಂಚಿನ ತೂತು ಇದೆ, ಅದರಲ್ಲಿ ಉಸಿರಾಡುತ್ತೇನೆ. ಸಾಕು.

ನಿನ್ನ ಮೇಲೆ ಕೋಪವಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆದ್ದರಿಂದ ಬರೆಯುವುದಿಲ್ಲ.

ಬಟ್ಟೆ ಕಟ್ಟಿಕೊಳ್ಳುತ್ತೇನೆ.

ಇತಿ,
ಪೂವಪ್ಪ


ವರ್ತಕ ನಗರ, ಠಾಣೆ
೮-೮-೨೦೧೦

ಅಣ್ಣನಿಗೆ,

ನಿನ್ನ ಕಾಗದವನ್ನು ಅಕ್ಕಿ ಡಬ್ಬದ ಮೇಲೆ ಇಟ್ಟು ನಾಲ್ಕು ಸಲ ಓದಿದೆ. ಬೈದಿದ್ದರೂ ನಿನ್ನ ಕೈಬರಹ. ಅಷ್ಟು ಸಾಕು.

ಇನ್ನು ನಮ್ಮ ಘನಕಾರ್ಯ ಕೇಳು. ಉಲ್ಹಾಸನಗರದಿಂದ ನೂರಿಪ್ಪತ್ತು ಬಾತು ಬಂದವು. ಮಾನಸಿ ಉಗುರಿನ ಬಣ್ಣದಲ್ಲಿ ಒಂದೊಂದರ ಹೊಟ್ಟೆಯಡಿಯಲ್ಲಿ ನಂಬರು ಬರೆದಳು. ಆಮೇಲೆ ಅವು ಮುಂಡಪ್ಪಣ್ಣನ ಹೋಟೆಲಿಗೆ ಹೋದವು. ಆ ಹೋಟೆಲಿನ ಪದ್ಧತಿ ನಿನಗೆ ಗೊತ್ತಲ್ಲ, ಒಳಗೆ ಬಂದ ಯಾವ ವಸ್ತುವೂ ಬಿಸಿನೀರು ಕಾಣದೆ ಜನರ ಕೈಗೆ ಹೋಗುವಂತಿಲ್ಲ. ಹೊಸ ಬಾತುಗಳಿಗೆ ರಬ್ಬರಿನ ವಾಸನೆ ಇತ್ತು. "ಮಕ್ಳು ಮುಟ್ಟುದು, ಸ್ವಲ್ಪ ಹಬೆ ಕೊಡುವ" ಎಂದು ಮುಂಡಪ್ಪಣ್ಣ ಅರುವತ್ತು ಬಾತುಗಳನ್ನು ಇಡ್ಲಿ ಸ್ಟೀಮರಿನ ತಟ್ಟೆಗಳಲ್ಲಿ ಸಾಲಾಗಿ ಕೂರಿಸಿ, ಮುಚ್ಚಿ, ಇಡ್ಲಿಗೆ ಎಷ್ಟು ಹೊತ್ತೋ ಅಷ್ಟೇ ಹೊತ್ತು ಕೊಟ್ಟರು. ಮುಚ್ಚಳ ತೆಗೆದರೆ ಅರುವತ್ತೂ ಕತ್ತು ವಾಲಿಸಿಕೊಂಡು ಕೂತಿವೆ! ಒಂದು ಎಡಕ್ಕೆ, ಒಂದು ಬಲಕ್ಕೆ, ಇನ್ನೊಂದು ತನ್ನ ಬೆನ್ನನ್ನೇ ನೋಡುತ್ತ. ಒಂದರ ಕೊಕ್ಕು ತಟ್ಟೆಗೆ ಅಂಟಿ ಅಲ್ಲೇ ಉಳಿಯಿತು. ಅಡಿಗೆಯ ಭಟ್ಟರು ಬೆರಳಿನಿಂದ ಒತ್ತಿ ನೋಡಿ, "ಬೆಂದಿದೆ" ಎಂದರಂತೆ.

ನಗುವುದೋ ಅಳುವುದೋ ತಿಳಿಯದೆ ಉಳಿದವನ್ನೂ ಬೆಂದವನ್ನೂ ಗೋಣಿಯಲ್ಲಿ ತುಂಬಿ ಹೋದ ಭಾನುವಾರ ಉಪವನ ಕೆರೆಗೆ ಪರೀಕ್ಷೆಗೆ ಹೋದೆವು. ಸುರಿದೆವು. ಬಾತುಗಳು ಅಲ್ಲೇ ನಿಂತವು. ಮಾನಸಿ ಚಪ್ಪಾಳೆ ತಟ್ಟಿದಳು, ಮುಂಡಪ್ಪಣ್ಣ ಕೋಲಿನಿಂದ ನೀರು ಬಡಿದರು. ಆಮೇಲೆ ಗಾಳಿ ಬಂತು. ಗಾಳಿಗೆ ಎಲ್ಲವೂ ಒಟ್ಟಾಗಿ ತಿರುಗಿ ನಮ್ಮ ಕಾಲ ಹತ್ತಿರಕ್ಕೇ ವಾಪಸು ಬಂದವು. ನೀನು ಮೊದಲೇ ಹೇಳಿದ್ದೆಯೆಂದು ಕಮಿಟಿಯ ಮುಂದೆ ನಾನು ಒಪ್ಪಿಕೊಂಡೆ. ಎಲ್ಲರಿಗೂ ನಿನ್ನ ನೆನಪಾಯಿತು.

ಈಗ ಕೇಳಬೇಕಾದದ್ದನ್ನು ಕೇಳುತ್ತೇನೆ. ಓಡುವ ನೀರು ನಿನ್ನ ಕೋಣೆಯ ಹಿಂದೆಯೇ ಇದೆ. ಮಳೆ ಇಳಿದ ಮೇಲೆ, ಅಕ್ಟೋಬರ್ ಮೂರರ ಭಾನುವಾರ, ಅಲ್ಲಿ ಓಟ ಮಾಡಬಹುದೇ? ನದಿಯ ಗುಣ ನೋಡಿ ಹೇಳು.

ಹಣ ಯಾವುದಕ್ಕೆ ಎಂದು ಬಚ್ಚಿಟ್ಟಿದ್ದೆ. ನಿನ್ನ ಆಪರೇಷನ್ ಆದ ವಾರ್ಡಿನಲ್ಲಿ ಗಂಟಲು ತೆಗೆಸಿಕೊಂಡವರು ಇನ್ನೂ ಕೆಲವರಿದ್ದಾರೆ, ಯಂತ್ರ ಕೊಳ್ಳುವ ಶಕ್ತಿ ಅವರಿಗಿಲ್ಲ. ಚಂದ್ರಬಾಯಿ ನೆನಪಿದೆಯೇ? ಕಲ್ಯಾಣದ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವವಳು, ನಿನ್ನ ಹಿಂದಿನ ವಾರ ಅವಳ ಆಪರೇಷನ್ ಆಯಿತಲ್ಲ. ಪಕ್ಕದವರೆಲ್ಲ ಕೂಗುವಾಗ ಇವಳು ಸೊಪ್ಪನ್ನು ಎತ್ತಿ ಎತ್ತಿ ತೋರಿಸುತ್ತಾಳೆ. ಸಂಜೆ ಬಾಡಿದ್ದನ್ನು ಮನೆಗೆ ಹೊರುತ್ತಾಳೆ. ಬಾತಿನ ಹಣ ಅಂಥವರ ಯಂತ್ರಕ್ಕೆ.

ಪುಷ್ಪಾ


ಬದಲಾಪುರ
೧೯-೮-೨೦೧೦

ಪುಷ್ಪಾವತಿಗೆ,

ಮಾನಸಿ ಕರಪತ್ರ ತಂದು ಕೊಟ್ಟಳು. 'ಕಂಠ ಕಳೆದುಕೊಂಡವರಿಗಾಗಿ ಬಾತುಕೋಳಿ ಓಟ.' ಕೆಳಗೆ ಕೊಕ್ಕು ತೆರೆದ ಒಂದು ಬಾತಿನ ಚಿತ್ರ. ಇದನ್ನು ಓದಿ ನನಗೆ ಸಂತೋಷವಾಗುತ್ತದೆಂದುಕೊಂಡೆಯಾ? ಡೊಂಬಿವಲಿಯಿಂದ ಠಾಣೆಯವರೆಗೆ ನಮ್ಮವರೆಲ್ಲರೂ ಚಹಾ ಕುಡಿಯುತ್ತ 'ನಮ್ಮ ಪೂವಪ್ಪನದ್ದು ಹೀಗಾಯ್ತಲ್ಲ, ಛೆ' ಎಂದು ಹತ್ತು ರೂಪಾಯಿ ಕೊಡುತ್ತಾರೆ. ನನ್ನ ಹೆಸರು ಹಾಕಿಲ್ಲ ಎನ್ನಬೇಡ. ಹಾಕುವ ಅಗತ್ಯವಿಲ್ಲ.

ಚಂದ್ರಬಾಯಿಗೆ ಯಂತ್ರ ಬೇಕಾದರೆ ನನ್ನದನ್ನೇ ಕೊಡು. ಅಟ್ಟದಿಂದ ಇಳಿಸಿ ಮಾನಸಿಯ ಚೀಲಕ್ಕೆ ಹಾಕಿದ್ದೇನೆ, ಡಬ್ಬದ ಸಮೇತ. ಬಿಸ್ಕೆಟ್ಟಿನ ಪುಡಿ ಇರಬಹುದು, ಒರೆಸಿ ಕೊಡು.

ನದಿ ನನ್ನ ಅಪ್ಪನ ಆಸ್ತಿಯಲ್ಲ. ಮುಂಡಪ್ಪಣ್ಣ ಬರಲಿ, ಸಂಘ ಬರಲಿ, ಸಾವಿರ ಬಾತು ಬರಲಿ. ಆದರೆ ನೀನು ಬರಬೇಡ. ಆ ಆಪರೇಷನ್ ಫಾರಮ್ಮಿಗೆ ಸಹಿ ಹಾಕುವಾಗ ಪೆನ್ನು ಹಿಡಿಸಿದವಳು ನೀನು. ಕರೆಂಟು ಕೊಟ್ಟು ಸುಡುವ ಚಿಕಿತ್ಸೆ ಸಾಕು, ಗಂಟಲು ಉಳಿಯಲಿ, ಆಮೇಲೆ ಆದದ್ದಾಗಲಿ ಎಂದಿದ್ದವನು ನಾನು. ಇಡೀ ಊರಿನೆದುರು ಬಾಯಿಲ್ಲದೆ ನಿಂತೇನು. ನಿನ್ನೆದುರು ಹಾಗೆ ನಿಲ್ಲಲಾರೆ.

ಪೂವಪ್ಪ


ವರ್ತಕ ನಗರ, ಠಾಣೆ
೨೮-೮-೨೦೧೦

ಅಣ್ಣ,

ಬರುವುದಿಲ್ಲ. ಅಷ್ಟು ಮಾತು ಕೊಡುತ್ತೇನೆ. ಓಟಕ್ಕೆ ಬರುವವರಿಗೆ ಉಪ್ಪಿಟ್ಟಿನ ಪೊಟ್ಟಣ ಕಟ್ಟಬೇಕಲ್ಲ, ಇಲ್ಲೇ ಕಟ್ಟಿ ಕಳಿಸುತ್ತೇನೆ.

ಆದರೆ ಪೆನ್ನಿನ ಮಾತು ಎತ್ತಿದೆ, ಅದಕ್ಕೆ ಉತ್ತರ ಕೊಡಬೇಕು. ಹೌದು, ನಾನೇ ಹಿಡಿಸಿದೆ. ಡಾಕ್ಟರು ಎರಡು ದಾರಿ ಹೇಳಿದ್ದರು. ಸುಟ್ಟರೆ ಗಂಟಲು ಉಳಿಯಬಹುದು, ಆದರೆ ನಿನ್ನ ಗಡ್ಡೆ ಇರುವ ಜಾಗದಲ್ಲಿ ಅದು ಮತ್ತೆ ಬರುವುದೇ ಹೆಚ್ಚು. ತೆಗೆದರೆ ಧ್ವನಿ ಹೋಗುತ್ತದೆ, ನೀನು ಇರುತ್ತೀ. ನೀನು ಧ್ವನಿ ಎಂದೆ. ನಾನು ಎಲ್ಲರೆದುರು ಹೋ ಎಂದು ಅತ್ತೆ, ನೆನಪಿದೆ. ನನ್ನ ಮನೆಯವರು ತೀರಿಹೋದಾಗ ಮಾನಸಿಗೆ ಆರು ವರ್ಷ. ಹನ್ನೊಂದು ವರ್ಷದ ನನ್ನನ್ನು ಊರಿನಿಂದ ಕರೆತಂದು ಸಾಕಿದವನು ನೀನು, ಆಮೇಲೆ ನನ್ನ ಮಗಳನ್ನೂ ಸಾಕಿದವನು ನೀನು. ನಿನ್ನ ಧ್ವನಿಯನ್ನು ಇಟ್ಟುಕೊಂಡು ನಾನು ಏನು ಮಾಡಲಿ ಅಣ್ಣ, ನೀನೇ ಇಲ್ಲದಿದ್ದರೆ? ನಾನು ಸ್ವಾರ್ಥಿ. ಇವತ್ತು ಕೇಳಿದರೂ ಅದೇ ಪೆನ್ನನ್ನು ಅದೇ ಕೈಗೆ ಕೊಡುತ್ತೇನೆ.

ಎಚ್ಚರವಾದ ಮೇಲೆ ನೀನು ಸ್ಲೇಟಿನಲ್ಲಿ ಬರೆದ ಮೊದಲ ಮಾತು, 'ನಿನಗೆ ತೃಪ್ತಿಯಾಯಿತಾ?' ಅದನ್ನು ನಾನು ಯಾರಿಗೂ ಹೇಳಿಲ್ಲ. ಆದರೆ ಅದಕ್ಕಿಂತ ಮೊದಲಿನದ್ದು ನಿನಗೆ ನೆನಪಿದೆಯೋ ಇಲ್ಲವೋ. ಸ್ಟ್ರೆಚರನ್ನು ಒಳಗೆ ತಳ್ಳುವಾಗ ನೀನು ಕತ್ತೆತ್ತಿ ನನ್ನನ್ನು ಕೇಳಿದೆ, "ಒಣಸ್ ಆಂಡಾ?" ಊಟವಾಯಿತಾ ಎಂದು. ನಾನು "ಆಂಡ್" ಎಂದೆ, ಆಯಿತು ಎಂದು. ಸುಳ್ಳು. ಹಿಂದಿನ ದಿನದಿಂದ ನೀರು ಕೂಡ ಇಳಿದಿರಲಿಲ್ಲ. ನಿನ್ನ ಗಂಟಲಿನಿಂದ ಬಂದ ಕೊನೆಯ ಮಾತು ಅದು, ಅದಕ್ಕೆ ನಾನು ಕೊಟ್ಟದ್ದು ಸುಳ್ಳು ಉತ್ತರ. ಪೆನ್ನಿಗಿಂತ ಅದೇ ನನಗೆ ಹೆಚ್ಚು ಚುಚ್ಚುತ್ತದೆ.

ಯಂತ್ರ ಚಂದ್ರಬಾಯಿಗೆ ತಲುಪಿತು. ಒರೆಸಿಯೇ ಕೊಟ್ಟೆ.

ಪುಷ್ಪಾ


ಬದಲಾಪುರ
೨೦-೯-೨೦೧೦

ಪುಷ್ಪಾ,

ನಿನ್ನ ಕಾಗದಕ್ಕೆ ತಕ್ಷಣ ಬರೆಯಲು ಕೂತೆ, ಆಗಲಿಲ್ಲ. ಈಗಲೂ ಅದರ ಬಗ್ಗೆ ಬರೆಯುತ್ತಿಲ್ಲ. ಬಾತುಗಳ ವಿಷಯ ಬರೆಯುತ್ತೇನೆ.

ಮುಂಡಪ್ಪಣ್ಣ ಮೂರು ಗೋಣಿಗಳನ್ನು ಟೆಂಪೋದಲ್ಲಿ ತಂದು ನನ್ನ ಕೋಣೆಯಲ್ಲಿ ಇಳಿಸಿ ಹೋದರು. ನನ್ನನ್ನು ನೋಡಿ ಕಣ್ಣೊರೆಸಿಕೊಂಡರು. ನಾನು ಚೀಟಿಯಲ್ಲಿ 'ಬಾತಿಗೆ ಹಬೆ ಎಷ್ಟು ನಿಮಿಷ?' ಎಂದು ಬರೆದು ತೋರಿಸಿದೆ. ಅಷ್ಟು ಹೊತ್ತು ಅತ್ತವರು ಹೊಟ್ಟೆ ಹಿಡಿದು ನಕ್ಕರು.

ಗೌರಿ ಗಣಪತಿ ವಿಸರ್ಜನೆಯ ನಂತರ ಹೊಳೆ ಇಳಿಯುತ್ತಿದೆ. ದೊಡ್ಡ ಪ್ರವಾಹಕ್ಕೆ ಬಾತು ಬಿಡುವುದು ಬೇಡ. ಬದಿಯಲ್ಲಿ ಕಲ್ಲುಗಳ ಮಧ್ಯೆ ಮೊಣಕಾಲುದ್ದ ನೀರಿನ ಒಂದು ಸೀಳು ಹರಿಯುತ್ತದೆ. ಕೆಳಗೆ ಅದು ಕಿರಿದಾಗುವ ಕಡೆ ಹಗ್ಗ ಕಟ್ಟಿ ಮೀನಿನ ಬಲೆ ಹಾಕಿದರೆ ಒಂದೂ ತಪ್ಪಿಸಿಕೊಳ್ಳದು. ದಿನಾ ಬೆಳಿಗ್ಗೆ ಎರಡೆರಡು ಬಿಟ್ಟು ನೋಡುತ್ತಿದ್ದೇನೆ. ಹೊಟ್ಟೆಯಡಿಯ ಪೀಪಿಯ ತೂತಿನಿಂದ ನೀರು ಕುಡಿದು ಮಗುಚುತ್ತಿದ್ದವು, ಎಲ್ಲದಕ್ಕೂ ಮೇಣ ಕರಗಿಸಿ ಹಾಕಿದೆ. ಇನ್ನೊಂದು ವಿಚಿತ್ರ. ನೆಟ್ಟಗಿರುವ ಬಾತು ಗಾಳಿ ಬೀಸಿದ ಕಡೆ ತಿರುಗಿ ದಡಕ್ಕೆ ಹತ್ತುತ್ತದೆ. ಕತ್ತು ವಾಲಿದ್ದು ಗಾಳಿಗೆ ಸಿಗುವುದಿಲ್ಲ, ನೀರು ಹೋದ ಕಡೆ ಹೋಗುತ್ತದೆ. ಮುಂಡಪ್ಪಣ್ಣನಿಗೆ ಹೇಳಬೇಡ, ಎಲ್ಲವನ್ನೂ ಬೇಯಿಸಿಬಿಡುತ್ತಾರೆ.

ಮೇಣ ಹಾಕುತ್ತ ಕೂತು ಒಂದೊಂದರ ಮುಖ ಪರಿಚಯವಾಗಿದೆ. ಎಡಕ್ಕೆ ವಾಲಿದ್ದು ನಲವತ್ತೊಂದು. ಕೊಕ್ಕು ಕಳೆದುಕೊಂಡದ್ದು ಎಪ್ಪತ್ತು. ಬೆನ್ನು ನೋಡುವುದು ಹದಿನೆಂಟು. ಮಾಡುವ ಕೆಲಸ ಬೇರೇನಿದೆ?

ಮೊನ್ನೆ ಚಂದ್ರಬಾಯಿ ಬಂದಿದ್ದಳು. ಲೋಕಲಿನಲ್ಲಿ ಕಲ್ಯಾಣದಿಂದ ಇಲ್ಲಿಗೆ, ಎರಡು ಕಟ್ಟು ಮೆಂತ್ಯ ಸೊಪ್ಪು ಹಿಡಿದುಕೊಂಡು. ಬಾಗಿಲಲ್ಲೇ ನಿಂತು ಯಂತ್ರವನ್ನು ಕತ್ತಿಗೆ ಒತ್ತಿದಳು. "ದಾದಾ, ಮೇಥೀ ಘ್ಯಾ!" ಮೆಂತ್ಯ ತೆಗೆದುಕೋ ಎಂದಳು. ಅದೇ ದುಂಬಿ. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವಳಿಗೆ ಏನೂ ಇಲ್ಲ. ಮಾರ್ಕೆಟ್ಟಿನಲ್ಲಿ ಮೊದಲ ದಿನ ಒಂದು ಮಗು ಇವಳ ಮಾತು ಕೇಳಿ ಹೆದರಿ ಅತ್ತಿತಂತೆ. ಮಾರನೆಯ ದಿನ ಅದೇ ಮಗು ಅಮ್ಮನನ್ನು ಎಳೆದುಕೊಂಡು ಬಂದು 'ಮತ್ತೊಮ್ಮೆ ಮಾತಾಡು' ಎಂದಿತಂತೆ, ಅಮ್ಮ ಪಾಲಕ್ ಕೊಂಡಳಂತೆ. ಇದನ್ನೆಲ್ಲ ಅರ್ಧ ಗಂಟೆ ಹೇಳಿದಳು, ನಡುನಡುವೆ ಯಂತ್ರದಲ್ಲೇ ನಕ್ಕಳು. ಆ ನಗು ಕೇಳಲು ಬಹಳ ಕೆಟ್ಟದಾಗಿದೆ. ನಾನೂ ನಕ್ಕೆ, ಧ್ವನಿಯಿಲ್ಲದೆ. ಹೋಗುವಾಗ ಯಂತ್ರವನ್ನು ನನ್ನ ಕಡೆಗೆ ಚಾಚಿದಳು. ನಾನು ತಲೆಯಾಡಿಸಿದೆ. "ಲಾಜ್ ಕಸಲೀ, ದಾದಾ?" ನಾಚಿಕೆ ಏತಕ್ಕೆ ಎಂದು ಕೇಳಿ ಹೋದಳು.

ಮೆಂತ್ಯ ಚೆನ್ನಾಗಿತ್ತು.

ಪೂವಪ್ಪ


ವರ್ತಕ ನಗರ, ಠಾಣೆ
೨೯-೯-೨೦೧೦

ಅಣ್ಣ,

ಅವಸರದಲ್ಲಿ ಬರೆಯುತ್ತಿದ್ದೇನೆ. ನಾಳೆ ಮಾನಸಿ ಕೈಯಲ್ಲಿ ತರುತ್ತಾಳೆ. ಬಾತುಗಳೆಲ್ಲ ಮುಗಿದಿವೆ, ಇನ್ನೂ ಕೇಳುವವರಿದ್ದಾರೆ. ಕೊನೆಯದನ್ನು ಮಾನಸಿ ಕಲ್ಯಾಣ ಸ್ಟೇಷನ್ನಿನಲ್ಲಿ ರಿಕ್ಷಾ ಓಡಿಸುವ ವಾಸುವಿಗೆ ಕಟ್ಟಿದಳು. ಇವಳ ಕಾಟ ತಪ್ಪಿದರೆ ಸಾಕೆಂದು ಅವನು ಹಣ ಕೊಟ್ಟನಂತೆ. ಬಹುಮಾನ ಮುಂಡಪ್ಪಣ್ಣನ ಹೋಟೆಲಿನಲ್ಲಿ ಒಂದು ತಿಂಗಳು ಮಧ್ಯಾಹ್ನದ ಊಟ.

ಭಾನುವಾರ ಬೆಳಿಗ್ಗೆ ಇನ್ನೂರು ಪೊಟ್ಟಣ ಕಳಿಸುತ್ತೇನೆ. ಮೇಲೆ ಬಾಳೆಎಲೆ ಸುತ್ತಿದ್ದು ನಿನಗೆ, ಅದನ್ನು ಮೆತ್ತಗೆ ಮಾಡಿದ್ದೇನೆ, ನುಂಗಲು ಸುಲಭ. ನನ್ನ ಮಾತು ನೆನಪಿದೆ, ಬರುವುದಿಲ್ಲ. ಒಂದೇ ಒಂದು ಬೇಡಿಕೆ, ನೀರಿಗೆ ಇಳಿಯಬೇಡ. ಮೊಣಕಾಲುದ್ದ ಎಂದು ನಂಬಬೇಡ. ಜಾರಿ ಬಿದ್ದರೆ ಕತ್ತಿನ ತೂತಿನಿಂದ ನೀರು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಕೂಗಲೂ ಆಗುವುದಿಲ್ಲ ನಿನಗೆ. ದಡದಲ್ಲೇ ಇರು ಅಣ್ಣ.

ನಿನ್ನ ಪುಷ್ಪಾ


ಬದಲಾಪುರ
೪-೧೦-೨೦೧೦

ಪುಷ್ಪಾ,

ದಡದಲ್ಲೇ ಇದ್ದೆ. ಮೊದಲು ಅದನ್ನು ಬರೆದುಬಿಡುತ್ತೇನೆ.

ಮಾನಸಿ ನಿನಗೆ ಎಲ್ಲ ಹೇಳಿರುತ್ತಾಳೆ, ಆದರೆ ಅವಳು ಕುಣಿಯುವುದರಲ್ಲೇ ಇದ್ದಳು, ಅವಳಿಗೆ ಕಂಡದ್ದು ಅರ್ಧ. ನಾನು ಮೊದಲಿನಿಂದ ಹೇಳುತ್ತೇನೆ.

ಹತ್ತು ಗಂಟೆಯ ಹೊತ್ತಿಗೆ ದಂಡೆ ತುಂಬಿತು. ಠಾಣೆಯವರು, ಡೊಂಬಿವಲಿಯವರು, ಇಲ್ಲಿನ ಮರಾಠಿ ನೆರೆಯವರು, ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದವರು. ನಾನು ಕೋಣೆಯ ಹಿಂದಿನ ಮೆಟ್ಟಿಲಲ್ಲಿ ಕೂತೆ. ಹಳೆಯ ಗಿರಾಕಿಗಳು ಬಂದು ಕೈ ಹಿಡಿದರು. ಅವರಿಗೆ ಏನು ಹೇಳುವುದೆಂದು ತಿಳಿಯಲಿಲ್ಲ, ನನಗೆ ಹೇಳಲು ಆಗಲಿಲ್ಲ, ಸಮ ಸಮ. ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಬರಬೇಡ ಎಂದವನು ನಾನೇ, ಆದರೂ ಪ್ರತಿ ರಿಕ್ಷಾ ನಿಂತಾಗ ಇಳಿಯುವ ಹೆಂಗಸರ ಮುಖ ನೋಡುತ್ತಿದ್ದೆ. ನೀನು ಕೊಟ್ಟ ಮಾತಿಗೆ ತಪ್ಪಿ ಬರಬಹುದಿತ್ತು ಎಂದು ನಿನ್ನ ಮೇಲೆ ಸಿಟ್ಟೂ ಬಂತು.

ಮುಂಡಪ್ಪಣ್ಣ ಹೋಟೆಲಿನ ದೊಡ್ಡ ಸಾಂಬಾರಿನ ಪಾತ್ರೆಯಿಂದ ನೂರಿಪ್ಪತ್ತನ್ನೂ ಒಟ್ಟಿಗೆ ನೀರಿಗೆ ಮಗುಚಿ, ಓಡಿ ಬಂದು ಮೈಕು ಹಿಡಿದರು. "ಹಳದಿ ಬಾತು ಮುಂದೆ! ಅದರ ಹಿಂದೆ ಇನ್ನೊಂದು ಹಳದಿ ಬಾತು!" ಜನ ನಕ್ಕರು. ಎರಡು ನಿಮಿಷ ಕಳೆದ ಮೇಲೆ ನಗಲಿಲ್ಲ. ನಂಬರು ಹೊಟ್ಟೆಯಡಿ ಇದೆ, ಹೊಟ್ಟೆ ನೀರಿನಲ್ಲಿದೆ. ಯಾರದು ಯಾವುದು? "ಮಾಝಾ ಕುಠೇ?" "ಮೇರಾವಾಲಾ ಕೌನ್‌ಸಾ?" ಡೊಂಬಿವಲಿಯ ಇಬ್ಬರು ಒಂದೇ ಬಾತಿಗೆ ಜಗಳ ತೆಗೆದರು. ಮಕ್ಕಳು ಅಳತೊಡಗಿದವು. ಒಂದಿಷ್ಟು ಜನ ಪೊಟ್ಟಣ ತೆಗೆದುಕೊಂಡು ಸ್ಟೇಷನ್ ಕಡೆ ಹೊರಟೇಬಿಟ್ಟರು. ನೀನೂ ಮಾನಸಿಯೂ ನಾಲ್ಕು ತಿಂಗಳು ದುಡಿದದ್ದು ನನ್ನ ಕಣ್ಣೆದುರು ಚದುರುತ್ತಿತ್ತು.

ನನಗೆ ಎಲ್ಲವೂ ಕಾಣುತ್ತಿತ್ತು ಪುಷ್ಪಾ. ಮುಂದಿದ್ದದ್ದು ನಲವತ್ತೊಂದು. ಒಂದು ಮಾರು ಹಿಂದೆ ಎಪ್ಪತ್ತು. ಹದಿನೆಂಟು ಕಲ್ಲಿಗೆ ಸಿಕ್ಕಿ ತಿರುಗುತ್ತಿತ್ತು. ಅಷ್ಟೂ ಜನರ ಮಧ್ಯೆ ನನಗೊಬ್ಬನಿಗೇ ಗೊತ್ತು, ಹೇಳಲು ಬಾಯಿಲ್ಲ. ಬೆರಳೆತ್ತಿ ನಾಲ್ಕು, ಒಂದು ಎಂದು ತೋರಿಸಿದೆ. ಪಕ್ಕದಲ್ಲಿ ನಿಂತಿದ್ದ ಚಂದ್ರಬಾಯಿ ಐದು ಎಂದು ತಿಳಿದು ಯಂತ್ರದಲ್ಲಿ "ಪಾಚ್! ಪಾಚ್!" ಎಂದಳು. ಐದನೆಯ ನಂಬರಿನವನು ಕುಣಿದ. ನಾನು ತಲೆ ಚಚ್ಚಿಕೊಂಡೆ. ಆಗ ಅವಳು ನನ್ನ ಮುಖ ನೋಡಿದಳು, ಯಂತ್ರವನ್ನು ಸೆರಗಿನಿಂದ ಒರೆಸಿದಳು, ನನ್ನನ್ನು ಕೇಳದೆ ನನ್ನ ಕತ್ತಿಗೆ ಒತ್ತಿಬಿಟ್ಟಳು. ಇನ್ನೊಂದು ಕೈಯಲ್ಲಿ ಮುಂಡಪ್ಪಣ್ಣನ ಮೈಕನ್ನು ಕಿತ್ತು ನನ್ನ ಬಾಯಿಗೆ ಹಿಡಿದಳು.

"ಏಕ್ತಾಲೀಸ್, ಗರ್ದನ್ ಟೇಢಾ, ಸಬ್ ಸೇ ಆಗೇ!"

ದುಂಬಿಯೇ. ಆದರೆ ಮೈಕಿನಲ್ಲಿ ನದಿಯಾಚೆಗೂ ಕೇಳಿತು. ಎಲ್ಲರೂ ತಿರುಗಿ ನೋಡಿದರು. ಒಂದು ಕ್ಷಣ ಇಲ್ಲಿಗೆ ಸಾಕು ಎನಿಸಿತು. ಅಷ್ಟರಲ್ಲಿ ಎಪ್ಪತ್ತು ಮುನ್ನುಗ್ಗಿತು. ಅದನ್ನು ಕೂಗದೆ ಇರುವುದು ಹೇಗೆ? "ಸತ್ತರ್, ಚೋಂಚ್ ಗಾಯಬ್, ದೋ ನಂಬರ್!" "ಅಠಾರಾ, ಪೀಛೇ ದೇಖ್‌ನೇವಾಲಾ, ಪತ್ಥರ್ ಮೇ ಅಟ್ಕಾ!" ಹದಿನೆಂಟರ ಮಾಲಕಿ, ಒಬ್ಬಳು ಅಜ್ಜಿ, ಹಿಡಿಶಾಪ ಹಾಕುತ್ತ ದಡಕ್ಕೆ ಓಡಿದಳು. ಸ್ಟೇಷನ್ನಿಗೆ ಹೊರಟವರು ವಾಪಸು ಬಂದರು. ಆಮೇಲೆ ನನಗೆ ದುಂಬಿ ಕೇಳಿಸಲಿಲ್ಲ. ಹೋಟೆಲಿನ ಮಧ್ಯಾಹ್ನದ ಗದ್ದಲವೇ ಕೇಳಿಸಿತು. ನೆಟ್ಟಗಿನ ಬಾತುಗಳೆಲ್ಲ ದಡ ಹತ್ತಿ ಕೂತವು, ಬೆಂದವು ಗೆದ್ದವು. ಮೊದಲು ಹಗ್ಗ ಮುಟ್ಟಿದ್ದು ನಲವತ್ತೊಂದೇ. ಅದು ರಿಕ್ಷಾದ ವಾಸುವಿನದು. ಅವನು ಬಂದೇ ಇರಲಿಲ್ಲ. ಇವತ್ತು ಮಾನಸಿ ಹೋಗಿ ಹೇಳಿದರೆ, ಈ ಹುಡುಗಿ ಮತ್ತೆ ಹಣ ಕೇಳಲು ಬಂದಳೆಂದು ರಿಕ್ಷಾ ತಿರುಗಿಸಿಕೊಂಡು ಹೋದನಂತೆ.

ಬಾತಿನ ಚಂದಾ, ಸಂಘದವರು ಮೇಲೆ ಹಾಕಿದ್ದು ಸೇರಿ ಮೂರು ಹೊಸ ಯಂತ್ರಗಳಿಗೆ ಆಗುವಷ್ಟು ಹಣ ಬಂದಿದೆ. ಹಳೆಯದನ್ನು ಚಂದ್ರಬಾಯಿ ಬಿಟ್ಟುಕೊಡುವುದಿಲ್ಲವಂತೆ, ಅದು ಅವಳ ಗಿರಾಕಿಗಳಿಗೆ ಒಗ್ಗಿದೆ. ಹೊಸತರಲ್ಲಿ ಒಂದನ್ನು ನನಗೆ ಕೊಡಲು ಕಮಿಟಿ ಹೇಳಿತು. ಧರ್ಮಕ್ಕೆ ಬೇಡ, ನನ್ನ ಉಳಿತಾಯದಿಂದ ಹಣ ಕಟ್ಟಿ ತೆಗೆದುಕೊಳ್ಳುತ್ತೇನೆಂದೆ. ಬರೆದು ತೋರಿಸಲಿಲ್ಲ, ಹೇಳಿದೆ.

ಎಲ್ಲ ಮುಗಿದ ಮೇಲೆ ಬಾಳೆಎಲೆಯ ಪೊಟ್ಟಣ ಬಿಚ್ಚಿದೆ. ಒಂದು ತುತ್ತು ತಿಂದು ಮಾನಸಿಯ ಫೋನು, ಚಂದ್ರಬಾಯಿಯ ಯಂತ್ರ ಎರಡನ್ನೂ ಇಸಿದುಕೊಂಡೆ. ನಾನು ಕೇಳಿದ್ದು ನಿನಗೆ ಕೇಳಿಸಿತು, ಅದು ನನಗೆ ಗೊತ್ತು. ನೀನು ಉತ್ತರ ಕೊಡಲಿಲ್ಲ. ಮಾನಸಿ "ನೆಟ್‌ವರ್ಕ್ ನಹೀ ಹೈ ಮಾಮಾ" ಎಂದಳು. ಆದರೆ ನಿನ್ನ ಅಡಿಗೆಮನೆಯ ಕುಕ್ಕರು ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು.

ಉತ್ತರ ಬಾಕಿ ಇದೆ.

ನಿನ್ನ ಅಣ್ಣ,
ಪೂವಪ್ಪ


ವರ್ತಕ ನಗರ, ಠಾಣೆ
೭-೧೦-೨೦೧೦

ಪ್ರೀತಿಯ ಅಣ್ಣ,

ನೆಟ್‌ವರ್ಕ್ ಇತ್ತು. ಇಲ್ಲದಿದ್ದದ್ದು ನನ್ನ ಬಾಯಿ.

ಭಾನುವಾರ ಇನ್ನೂರು ಪೊಟ್ಟಣ ಕಟ್ಟಿ ಕಳಿಸಿ ಒಬ್ಬಳೇ ಕೂತಿದ್ದೆ. ಅಲ್ಲಿ ಏನಾಯಿತೋ, ನೀನು ಬಾಗಿಲು ಹಾಕಿಕೊಂಡು ಕೂತೆಯೋ, ನೀರಿಗೆ ಇಳಿದೆಯೋ ಎಂದು ಎರಡು ಸಲ ಬಾಗಿಲ ತನಕ ಹೋಗಿ ಬಂದೆ. ಸುಮ್ಮನೆ ಕುಕ್ಕರಿಟ್ಟೆ. ಫೋನು ಬಂತು, ಮಾನಸಿಯ ನಂಬರು. ಎತ್ತಿದರೆ ಜನರ ಗಲಾಟೆ. ಆಮೇಲೆ ಗೊರ್ ಎಂದು ಒಂದು ಶಬ್ದ. ಯಾರದೋ ಕೆಟ್ಟುಹೋದ ಫೋನೆಂದುಕೊಂಡು ಇಡುವವಳಿದ್ದೆ.

"ಪುಷ್ಪಾ, ಒಣಸ್ ಆಂಡಾ?"

ಆ ಧ್ವನಿ ನಿನ್ನದಲ್ಲ, ನಾನು ಸುಳ್ಳು ಹೇಳುವುದಿಲ್ಲ. ನನ್ನನ್ನು ಸಾಕಿದ ಆ ದೊಡ್ಡ ಗಂಟಲು ಹೋಯಿತು, ಮತ್ತೆ ಬರುವುದಿಲ್ಲ. ಅದಕ್ಕಾಗಿ ಆವತ್ತು ಕೂತು ಅತ್ತೆ, ಆಸ್ಪತ್ರೆಯಲ್ಲಿ ಕೂಡ ಅಷ್ಟು ಅತ್ತಿರಲಿಲ್ಲ. ಆದರೆ ಕೇಳಿದವನು ನೀನೇ. ಊರಿಗೆಲ್ಲ ಉಣ್ಣಿಸಿ ಕೊನೆಗೆ ನನ್ನ ಊಟ ಕೇಳುವವರು ಬೇರೆ ಯಾರಿದ್ದಾರೆ? ಹನ್ನೊಂದು ತಿಂಗಳ ನಂತರ ನಮ್ಮ ಭಾಷೆಯಲ್ಲಿ ಒಂದು ಮಾತು. ಹುಟ್ಟಿದಾಗಿನಿಂದ ಬಾಯಿ ಮುಚ್ಚದವಳು ಎಂದು ನನ್ನನ್ನು ಬೈಯುತ್ತಿದ್ದೆಯಲ್ಲ, ಗೋಡೆಗೆ ಒರಗಿ ನಿಂತೆ, ಒಂದು ಅಕ್ಷರ ಹೊರಡಲಿಲ್ಲ. ಕುಕ್ಕರು ಕೂಗಿತು. ಅದಕ್ಕಾದರೂ ಬುದ್ಧಿ ಇತ್ತು.

ಹೊಸ ಯಂತ್ರ ಬಂದ ಮೇಲೆ ಆ ಮೊಬೈಲನ್ನು ವಾಪಸು ತೆಗೆದುಕೊಳ್ಳಬೇಕು, ಮಾನಸಿ ಚಾರ್ಜು ಮಾಡಿ ಇಟ್ಟಿದ್ದಾಳೆ. ಇನ್ನು ಮೇಲೆ ಹೆಡ್‌ಮಾಸ್ತರರಿಗೆ ಅರ್ಜಿ ಬರೆಯಲು ನನ್ನಿಂದಾಗದು. ಇದೇ ಕೊನೆಯ ಕಾಗದ.

ನಿನ್ನ ಪ್ರಶ್ನೆಗೆ ಉತ್ತರ ಕೊಟ್ಟುಬಿಡುತ್ತೇನೆ. ಆಸ್ಪತ್ರೆಯಲ್ಲಿ ಕೇಳಿದ್ದಕ್ಕೂ ಸೇರಿಸಿ, ಈ ಸಲ ನಿಜವಾದ ಉತ್ತರ.

ಆತಿಜಿ ಅಣ್ಣ. ಆಗಿಲ್ಲ. ಭಾನುವಾರ ಮೀನು ಹಿಡಿದುಕೊಂಡು ಒಂಬತ್ತೂವರೆಯ ಲೋಕಲಿಗೆ ಬರುತ್ತೇನೆ, ನಿನ್ನ ಮನೆಯಲ್ಲೇ ಉಣ್ಣುತ್ತೇನೆ. ಅಕ್ಕಿ ತೊಳೆದಿಟ್ಟಿರು.

ನಿನ್ನ ಪುಷ್ಪಾ